ಲಾರ್ಡ್ ಅಂದ ಕೂಡಲೇ ರಾಜವಂಶ ಅಲ್ಲ: ಅಡೋನಿಸ್ ಪ್ರಶ್ನೆಗೆ ಮತ್ತೊಮ್ಮೆ ಉತ್ತರ

ಪ್ರಶ್ನೆ: ಆಂಡ್ರ್ಯೂ ಅಡೋನಿಸ್ ಎಂಪಿ ಚುನಾವಣೆಯನ್ನೇ ಗೆಲ್ಲದೆ ಬ್ರಿಟನ್ನಿನ ಸಾರಿಗೆ ಮಂತ್ರಿ ಆಗಿದ್ದು ಹೇಗೆ? ಲಾರ್ಡ್ ಮನೆತನದಲ್ಲಿ ಹುಟ್ಟಿದ್ದಕ್ಕಾ?

ಪ್ರಶ್ನೆಯ ಮೊದಲರ್ಧ ಚೆನ್ನಾಗಿದೆ. ಎರಡನೇ ಅರ್ಧಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೆ ಅನ್ನೋ ಲೆಕ್ಕ ಬಿಟ್ಟುಬಿಟ್ಟಿದ್ದೇನೆ.

ಮೊದಲರ್ಧಕ್ಕೆ ನಾಲ್ಕು ಸಾಲು ಸಾಕು. 2005ರಲ್ಲಿ ಆಗಿನ ಪ್ರಧಾನಿ ಟೋನಿ ಬ್ಲೇರ್, ಅಡೋನಿಸ್ ಅವರನ್ನು ಬ್ರಿಟನ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ಗೆ ಸೇರಿಸಿದರು. ಜೊತೆಗೇ ಶಿಕ್ಷಣ ಖಾತೆಯ ಕಿರಿಯ ಮಂತ್ರಿ ಮಾಡಿದರು. ಬ್ರಿಟನ್ನಿನಲ್ಲಿ ಮಂತ್ರಿಯಾಗಲು ಜನರಿಂದ ಗೆದ್ದು ಬರಲೇಬೇಕು ಅನ್ನುವ ಕಾನೂನಿಲ್ಲ. ಎರಡು ಸದನಗಳಲ್ಲಿ ಒಂದರಲ್ಲಿ ಕೂರಬೇಕು ಅನ್ನೋದು ನಡೆದುಬಂದ ಪದ್ಧತಿ, ಅಷ್ಟೆ.

ಈಗ ಆ ‘ಮನೆತನ’ದ ವಿಷಯ.

ತಪ್ಪು ಪೂರ್ತಿ ನಿಮ್ಮದಲ್ಲ. ಶಾಲೆಯಲ್ಲಿ ಕಾರ್ನ್‌ವಾಲಿಸ್, ಡಾಲ್‌ಹೌಸಿ ಅಂತ ಓದಿದ್ದೇವೆ. ಅವರಿಬ್ಬರಿಗೂ ಪಟ್ಟ ಅಪ್ಪನಿಂದ ಬಂದದ್ದು. ಜೊತೆಗೆ ನಮ್ಮ ಆಡುಮಾತಿನ ‘ಲಾರ್ಡ್ ಲಬಕ್‌ದಾಸ್’ ಬೇರೆ. ಹಾಗಾಗಿ ಲಾರ್ಡ್ ಅಂದರೆ ಕೋಟೆ, ಕುದುರೆ, ಸಾವಿರಾರು ಎಕರೆ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ 1958ರಲ್ಲಿ ಲೈಫ್ ಪೀರೇಜಸ್ ಆಕ್ಟ್ ಅಂತ ಒಂದು ಕಾಯ್ದೆ ಬಂತು. ಅದರಡಿ ಪಟ್ಟ ಸಿಕ್ಕವರು ಬದುಕಿರುವ ತನಕ ಮಾತ್ರ ಲಾರ್ಡ್. ಮಗನಿಗೂ ಇಲ್ಲ, ಮಗಳಿಗೂ ಇಲ್ಲ. ಆ ಸದನದಲ್ಲಿ ಹೆಂಗಸರು ಕೂರಲು ಸಾಧ್ಯವಾಗಿದ್ದೂ ಅದೇ ಕಾಯ್ದೆಯಿಂದ. ಆಮೇಲೆ 1999ರಲ್ಲಿ ಬ್ಲೇರ್ ಸರ್ಕಾರ ವಂಶಪಾರಂಪರ್ಯದ ಲಾರ್ಡ್‌ಗಳಲ್ಲಿ 92 ಸೀಟು ಉಳಿಸಿ ಮಿಕ್ಕ ನೂರಾರು ಜನರನ್ನು ಮನೆಗೆ ಕಳಿಸಿತು. ಅಂದರೆ ಅಡೋನಿಸ್ ಒಳಗೆ ಹೋಗುವ ಹೊತ್ತಿಗೆ ಅಲ್ಲಿ ಜಾಸ್ತಿ ಇದ್ದವರು ನೇಮಕಗೊಂಡವರೇ. ನಿವೃತ್ತ ಎಂಪಿಗಳು, ಪ್ರೊಫೆಸರ್‌ಗಳು, ಡಾಕ್ಟರ್‌ಗಳು, ಪಕ್ಷಕ್ಕೆ ದುಡಿದವರು. ಮಂತ್ರಿ ಅಲ್ಲದ ಲಾರ್ಡ್‌ಗೆ ಸಂಬಳವೂ ಇರುವುದಿಲ್ಲ. ಸದನಕ್ಕೆ ಬಂದ ದಿನದ ಭತ್ಯೆ ಮಾತ್ರ.

‘ಹಾಗಾದರೆ ಕ್ಯಾಮ್ಡೆನ್ ಟೌನ್‌ನ ಬ್ಯಾರನ್ ಅಡೋನಿಸ್ ಅಂತ ಯಾಕೆ ಬರೆಯುತ್ತಾರೆ, ಕ್ಯಾಮ್ಡೆನ್ ಅವರದ್ದಾ?’ ಇದೂ ಬರುತ್ತದೆ, ತಪ್ಪದೆ. ಎಚ್.ಡಿ. ದೇವೇಗೌಡರ ಹೆಸರಿನ ‘ಎಚ್’ ಅಂದರೆ ಹರದನಹಳ್ಳಿ. ಹಾಗಂತ ಹರದನಹಳ್ಳಿ ಅವರ ಜಹಗೀರು ಅಂದುಕೊಳ್ಳುತ್ತೀರಾ? ಇಲ್ಲ ತಾನೆ. ಇದೂ ಹಾಗೇ, ಪಟ್ಟದ ಜೊತೆ ಸೇರಿಸಿದ ಊರಿನ ಹೆಸರು ಅಷ್ಟೆ. ಬ್ಯಾರನ್ ಅನ್ನೋದು ಲಾರ್ಡ್ ಪಟ್ಟದ ಒಂದು ದರ್ಜೆ.

ಇನ್ನು ಅಡೋನಿಸ್ ಹುಟ್ಟಿದ ‘ಮನೆತನ’ ಕೇಳಿ. ತಂದೆ ಸೈಪ್ರಸ್‌ನಿಂದ ಹದಿಹರೆಯದಲ್ಲಿ ವಲಸೆ ಬಂದವರು. ಹೋಟೆಲಿನಲ್ಲಿ ಮಾಣಿಯಾಗಿದ್ದು ಆಮೇಲೆ ಅಂಚೆ ಹಂಚುವ ಕೆಲಸ ಹಿಡಿದರು. ಮಗುವಿಗೆ ಮೂರು ವರ್ಷ ಇದ್ದಾಗ ತಾಯಿ ಮನೆ ಬಿಟ್ಟು ಹೋದರು. ಹುಡುಗ ಸ್ಥಳೀಯ ಆಡಳಿತ ನಡೆಸುತ್ತಿದ್ದ ಮಕ್ಕಳ ನಿಲಯದಲ್ಲಿ ಬೆಳೆದ. ಹನ್ನೊಂದನೇ ವಯಸ್ಸಿಗೆ ಸರ್ಕಾರದ ದುಡ್ಡಲ್ಲಿ ಕಿಂಗಮ್ ಹಿಲ್ ಅನ್ನೋ ಬೋರ್ಡಿಂಗ್ ಶಾಲೆ ಸೇರಿದ. ಅಲ್ಲಿಂದ ಆಕ್ಸ್‌ಫರ್ಡ್, ಡಾಕ್ಟರೇಟು, ಪತ್ರಿಕೆ ಕೆಲಸ. ಇದರಲ್ಲಿ ರಾಜವಂಶ ಎಲ್ಲಿದೆ ಅಂತ ಹುಡುಕಿಕೊಡಿ, ನಾನೂ ನೋಡುತ್ತೇನೆ.

ಚುನಾವಣೆ ಗೆದ್ದೇ ಇಲ್ಲ ಅನ್ನೋದೂ ಅರ್ಧ ಸತ್ಯ. 1987ರಿಂದ 1991ರವರೆಗೆ ಅವರು ಆಕ್ಸ್‌ಫರ್ಡ್ ನಗರಸಭೆ ಸದಸ್ಯರು. ಅದೂ ಬ್ಲೇರ್ ಅವರ ಲೇಬರ್ ಪಕ್ಷದಿಂದ ಅಲ್ಲ. ಮೊದಲು ಸೋಷಿಯಲ್ ಡೆಮಾಕ್ರಟ್, ಆಮೇಲೆ ಲಿಬರಲ್ ಡೆಮಾಕ್ರಟ್. ಲೇಬರ್‌ಗೆ ಬಂದದ್ದು ನಂತರ. 1998ರಲ್ಲಿ ಪ್ರಧಾನಿಗೆ ನೀತಿ ಸಲಹೆ ಕೊಡುವ ತಂಡವಾದ ಪಾಲಿಸಿ ಯೂನಿಟ್‌ಗೆ ಶಿಕ್ಷಣ ಸಲಹೆಗಾರರಾಗಿ ಸೇರಿದರು. 2001ರಲ್ಲಿ ಅದರ ಮುಖ್ಯಸ್ಥರಾದರು. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ಡೇವಿಡ್ ಮಿಲಿಬ್ಯಾಂಡ್. ಅವರು ಸೌತ್ ಶೀಲ್ಡ್ಸ್ ಕ್ಷೇತ್ರದಲ್ಲಿ ನಿಂತು ಗೆದ್ದು ಎಂಪಿಯಾದರು. ಒಂದೇ ಕುರ್ಚಿಯಿಂದ ಎದ್ದವರು, ದಾರಿ ಎರಡು.

ಸಲಹೆಗಾರ ಅಂದರೆ ಕಿವಿಯಲ್ಲಿ ಪಿಸುಗುಡುವವನು ಅಂದುಕೊಳ್ಳಬೇಡಿ. ಅಕಾಡೆಮಿ ಶಾಲೆಗಳ ಯೋಜನೆಯ ಹಿಂದಿನ ಮುಖ್ಯ ತಲೆ ಅಡೋನಿಸ್ ಅವರದ್ದೇ. ಸ್ಥಳೀಯ ಆಡಳಿತದ ಹಿಡಿತದಿಂದ ಹೊರಗೆ, ಸರ್ಕಾರದ ದುಡ್ಡಲ್ಲೇ ನಡೆಯುವ ಶಾಲೆಗಳು ಅವು. ಲಂಡನ್ನಿನ ಹ್ಯಾಕ್ನಿಯಲ್ಲಿ 1995ರಲ್ಲಿ ಮುಚ್ಚಿಸಿದ ಒಂದು ಶಾಲೆಯ ಜಾಗದಲ್ಲೇ 2004ರಲ್ಲಿ ಮಾಸ್‌ಬರ್ನ್ ಅಕಾಡೆಮಿ ಶುರುವಾಯಿತು. ಅದರ ಫಲಿತಾಂಶ ನೋಡಿ ವಿರೋಧಿಗಳೂ ಸ್ವಲ್ಪ ಹೊತ್ತು ಸುಮ್ಮನಾದರು. ಪೂರ್ತಿ ಸುಮ್ಮನಾಗಲಿಲ್ಲ, ಆ ಜಗಳ ಇನ್ನೂ ಇದೆ.

2009ರ ಜೂನ್‌ನಲ್ಲಿ ಆಗಿನ ಪ್ರಧಾನಿ ಗಾರ್ಡನ್ ಬ್ರೌನ್, ಅಡೋನಿಸ್ ಅವರನ್ನು ಸಾರಿಗೆ ಖಾತೆಯ ಕ್ಯಾಬಿನೆಟ್ ಮಂತ್ರಿ ಮಾಡಿದರು. ಸಿಕ್ಕಿದ್ದು ಒಂದು ವರ್ಷವೂ ಇಲ್ಲ. ಅಷ್ಟರಲ್ಲೇ, 2010ರ ಮಾರ್ಚ್‌ನಲ್ಲಿ, ಎಚ್‌ಎಸ್2 ಅನ್ನುವ ಹೈಸ್ಪೀಡ್ ರೈಲು ಯೋಜನೆಯನ್ನು ಜನರ ಮುಂದಿಟ್ಟರು. ಅದರ ಮ್ಯಾಂಚೆಸ್ಟರ್ ಭಾಗವನ್ನು 2023ರಲ್ಲಿ ರದ್ದು ಮಾಡಿದವರು ರಿಷಿ ಸುನಕ್, ನಮ್ಮ ಬೆಂಗಳೂರಿನ ಅಳಿಯ.

ಹಾಗಾದರೆ ಲಾರ್ಡ್ಸ್ ಅಂದರೆ ನಮ್ಮ ರಾಜ್ಯಸಭೆ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ, ದಯವಿಟ್ಟು. ರಾಜ್ಯಸಭೆಗೆ ಹೆಚ್ಚಿನವರನ್ನು ಶಾಸಕರು ಆರಿಸಿ ಕಳಿಸುತ್ತಾರೆ, ಅವಧಿ ಆರು ವರ್ಷ. ನಮ್ಮಲ್ಲಿ ಮಂತ್ರಿ ಯಾವ ಸದನದಲ್ಲಾದರೂ ಮಾತಾಡಬಹುದು. ಅಡೋನಿಸ್ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಎದ್ದುನಿಂತು ಮಾತಾಡುವಂತಿರಲಿಲ್ಲ. ಅಲ್ಲಿ ಅವರ ಕೈಕೆಳಗಿನ ಮಂತ್ರಿಗಳೇ ಉತ್ತರ ಕೊಡಬೇಕಿತ್ತು. 2023ರಲ್ಲಿ ಮಾಜಿ ಪ್ರಧಾನಿ ಡೇವಿಡ್ ಕ್ಯಾಮರನ್ ಲಾರ್ಡ್ ಆಗಿ ವಿದೇಶಾಂಗ ಮಂತ್ರಿಯಾದಾಗಲೂ ಇದೇ ಪೇಚು.

ಎರಡೂ ಸದನದಲ್ಲಿ ಇಲ್ಲದವರ ಕಥೆ ಏನು? ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಆರು ತಿಂಗಳ ಗಡುವು ಸಂವಿಧಾನದಲ್ಲೇ ಇದೆ. 1996ರ ಜೂನ್‌ನಲ್ಲಿ ದೇವೇಗೌಡರು ಪ್ರಧಾನಿಯಾದಾಗ ಸಂಸತ್ತಿನ ಸದಸ್ಯರೇ ಆಗಿರಲಿಲ್ಲ. ಆಮೇಲೆ ರಾಜ್ಯಸಭೆಗೆ ಹೋದರು. ಬ್ರಿಟನ್ನಿನಲ್ಲಿ ಬರೆದಿಟ್ಟ ಗಡುವಿಲ್ಲ. 1963ರಲ್ಲಿ ಅಲೆಕ್ ಡಗ್ಲಸ್ ಹ್ಯೂಮ್ ಪ್ರಧಾನಿಯಾದ ಮೇಲೆ ತಮ್ಮ ವಂಶದ ಪಟ್ಟ ಬಿಟ್ಟುಕೊಟ್ಟರು. ಉಪಚುನಾವಣೆ ಗೆಲ್ಲುವವರೆಗೆ ಕೆಲವು ದಿನ ಯಾವ ಸದನದಲ್ಲೂ ಇರಲಿಲ್ಲ. ಮರುವರ್ಷ ಪ್ಯಾಟ್ರಿಕ್ ಗಾರ್ಡನ್ ವಾಕರ್ ತಮ್ಮ ಕ್ಷೇತ್ರದಲ್ಲಿ ಸೋತರೂ ವಿದೇಶಾಂಗ ಮಂತ್ರಿಯಾದರು. ಅವರಿಗಾಗಿ ಲೇಟನ್ ಅನ್ನೋ ಗಟ್ಟಿ ಸೀಟನ್ನು ಖಾಲಿ ಮಾಡಿಸಿದರು. 1965ರ ಜನವರಿಯಲ್ಲಿ ಅಲ್ಲೂ ಸೋತು ರಾಜೀನಾಮೆ ಕೊಟ್ಟರು.