ಹೀಲ್ ಸ್ಪರ್: ಹೆಸರೇ ಚುಚ್ಚುತ್ತದೆ, ಮುಳ್ಳಲ್ಲ

"ನಂಗೆ ಹೀಲ್ ಸ್ಪರ್ ಇದೆ, ಅದಕ್ಕೇ ನಡೆಯೋಕಾಗ್ತಿಲ್ಲ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಹಿಮ್ಮಡಿ ನೋವು ಅಂದರೆ ಸಾಕು, ಇದೇ ಹೆಸರು. ಆದರೆ ಹೀಲ್ ಸ್ಪರ್ ನೋವಿನ ಹೆಸರೇ ಅಲ್ಲ. ಹಿಮ್ಮಡಿ ಮೂಳೆಯಿಂದ ಚಾಚಿಕೊಂಡು ಎಕ್ಸ್‌ರೇಯಲ್ಲಿ ಕಾಣುವ ಒಂದು ಮೊನೆಯ ಹೆಸರು, ಅಷ್ಟೇ.

ಕುದುರೆ ಸವಾರರು ಬೂಟಿನ ಹಿಂಭಾಗಕ್ಕೆ ಕಟ್ಟಿಕೊಳ್ಳುವ ಲೋಹದ ಮೊನೆಗೆ ಇಂಗ್ಲಿಷಿನಲ್ಲಿ ಸ್ಪರ್ ಅನ್ನುತ್ತಾರೆ. ಕೆಲಸ, ಕುದುರೆಯನ್ನು ತಿವಿಯುವುದು. ಹೆಸರೇ ಹೀಗಿದ್ದ ಮೇಲೆ ಮೂಳೆಯೂ ಒಳಗಿನಿಂದ ತಿವಿಯುತ್ತಿದೆ ಅಂತ ಅನ್ನಿಸದೆ ಇರುತ್ತದಾ? ಆದರೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಒಮ್ಮೆ ಸರಿಯಾಗಿ ನೋಡಿ. ಅಂಗಾಲ ಕಡೆಯ ಆ ಮೊನೆ ಸಾಮಾನ್ಯವಾಗಿ ನೆಲದ ಕಡೆಗೆ ಇಳಿದಿರುವುದಿಲ್ಲ, ಬೆರಳುಗಳ ಕಡೆಗೆ ಚಾಚಿರುತ್ತದೆ. ಅದರ ತುದಿಯ ಮೇಲೆ ಯಾರೂ ನಿಲ್ಲುತ್ತಿಲ್ಲ! ನೋವೇ ಇಲ್ಲದ ಎಷ್ಟೋ ಜನರಿಗೂ ಇದು ಇರುತ್ತದೆ. ಇದು ಇಲ್ಲದೆಯೂ ನರಳುವವರಿದ್ದಾರೆ.

ಹಿಮ್ಮಡಿಯ ಅಡಿ ನೋಯುವವರಲ್ಲಿ ಹೆಚ್ಚಿನವರಿಗೆ ತೊಂದರೆ ಇರುವುದು ಪ್ಲಾಂಟರ್ ಫೇಸಿಯಾದಲ್ಲಿ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಹೋಗುವ ಗಟ್ಟಿ ಪಟ್ಟಿ ಅದು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆ ಜೀವ ಹಿಂಡುತ್ತದೆ, ನಾಲ್ಕು ಹೆಜ್ಜೆ ಹಾಕಿದರೆ ಸಡಿಲವಾಗುತ್ತದೆ. ಇಷ್ಟು ಕೇಳಿಸಿಕೊಂಡು, ಹಿಮ್ಮಡಿಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ವೈದ್ಯರಿಗೆ ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ. ಎಷ್ಟೋ ಸಲ ಎಕ್ಸ್‌ರೇ ಬೇಕಾಗುವುದೇ ಇಲ್ಲ.

ಈ ಪಟ್ಟಿಯ ನೋವಿಗೆ ವೈದ್ಯರು ಹೇಳುವ ಪ್ಲಾಂಟರ್ ಫ್ಯಾಸೈಟಿಸ್ ಅನ್ನುವ ಹೆಸರೂ ಪೂರ್ತಿ ಸರಿಯಿಲ್ಲ. 'ಐಟಿಸ್' ಅಂದರೆ ಉರಿಯೂತ. 2003ರಲ್ಲಿ 50 ಪ್ರಕರಣಗಳ ಅಂಗಾಂಶ ಪರೀಕ್ಷಿಸಿದವರಿಗೆ ಕಂಡದ್ದು ಉರಿಯೂತವಲ್ಲ, ಸವೆತ. ಇರಲಿ, ಆ ಹೆಸರಿನಿಂದ ಯಾರೂ ಮೂಳೆ ಕತ್ತರಿಸಿಕೊಳ್ಳಲು ಹೊರಡುವುದಿಲ್ಲ.

ಹೀಲ್ ಸ್ಪರ್ ಅಂದುಕೊಂಡವರು ಮಾತ್ರ ಮುಳ್ಳು ತೆಗೆಸೋಣ ಅಂತ ಹೊರಡುತ್ತಾರೆ. ಬೇಕಾಗಿರುವುದು ಆ ಪಟ್ಟಿಯನ್ನು ಹಿಗ್ಗಿಸುವುದು. ಎದ್ದು ನಿಲ್ಲುವ ಮುಂಚೆ ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು 10 ಸೆಕೆಂಡ್ ಹಿಡಿಯಿರಿ. 10 ಸಲ ಮಾಡಿ. ಮೀನಖಂಡವನ್ನೂ ಹಿಗ್ಗಿಸಿ, ಮೆತ್ತನೆಯ ಚಪ್ಪಲಿ ಹಾಕಿ. ವಾರದಲ್ಲಿ ಹೋಗುವ ನೋವಲ್ಲ, ತಿಂಗಳುಗಳೇ ಬೇಕು. ಆದರೂ ಹೆಚ್ಚಿನವರಿಗೆ ಒಂದು ವರ್ಷದೊಳಗೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ.

ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಂಡಿದಾಗ ನೋವು ಜಾಸ್ತಿಯಾದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಜೋಮು ಹಿಡಿದರೆ, ಚುರುಗುಟ್ಟಿದರೆ ನರದ ತೊಂದರೆ ಇರಬಹುದು. ಅವಕ್ಕೂ ಹೀಲ್ ಸ್ಪರ್ ಅಂತ ಹೆಸರಿಟ್ಟು ಸುಮ್ನೆ ಓಡಾಡಿಕೊಂಡಿದ್ದರೆ ಬಿರುಕು ದೊಡ್ಡದಾಗಬಹುದು.