ಉಳಿ ಬಿದ್ದಾಗ ನೆಲ ಏನು ಮಾಡುತ್ತದೆ?

ಮನೆಯಲ್ಲೇ ಪುಟ್ಟದೊಂದು ಮರಗೆಲಸದ ಕೋಣೆ ಮಾಡಿಕೊಳ್ಳುವವರು ಯಂತ್ರಗಳ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನೆಲದ ಮಾತು ಬಂದರೆ ಮಾತ್ರ ‘ಗಟ್ಟಿಯಾಗಿದ್ದರೆ ಸಾಕು’ ಎಂದು ಮುಗಿಸಿಬಿಡುತ್ತಾರೆ. ಈ ‘ಗಟ್ಟಿ’ಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಆಗಷ್ಟೇ ಮಸೆದಿಟ್ಟ ಉಳಿ ಬೆಂಚಿನಿಂದ ಉರುಳಿ ಕಾಂಕ್ರೀಟಿಗೆ ಬಾಯಿ ಬಡಿದುಕೊಂಡ ದಿನ ಹುಟ್ಟಿದ್ದು ಅದು. ಹಾರಿಹೋದದ್ದು ಉಗುರಿನ ಚೂರಿನಷ್ಟು ಉಕ್ಕು. ಸಾಣೆಕಲ್ಲಿನ ಮುಂದೆ ಕಳೆದದ್ದು ಇಡೀ ಸಂಜೆ.

200 ಗ್ರಾಂ ತೂಕದ ಉಳಿ ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರಲ್ಲಿರುವ ಶಕ್ತಿ ಸುಮಾರು 2 ಜೂಲ್. ಯಾವ ನೆಲವಾದರೂ ಅದನ್ನು ತಡೆದು ನಿಲ್ಲಿಸಲೇಬೇಕು. ಎಷ್ಟು ದೂರದೊಳಗೆ ಎಂಬುದೇ ಪ್ರಶ್ನೆ. ಉಳಿಯ ಬಾಯಿ ಮರದೊಳಗೆ 3 ಮಿಲಿಮೀಟರ್ ಇಳಿದು ನಿಂತಿತೆನ್ನಿ, ಅದರ ಮೇಲೆ ಬೀಳುವ ಸರಾಸರಿ ಬಲ 67 ಕಿಲೋ ಭಾರಕ್ಕೆ ಸಮ. ಕಾಂಕ್ರೀಟಿನ ಮೇಲೆ 0.2 ಮಿಲಿಮೀಟರಿನಲ್ಲೇ ನಿಂತರೆ? ಒಂದು ಟನ್! ಎತ್ತರದಿಂದ ಜಿಗಿಯುವವನು ಮಂಡಿ ಮಡಿಸುವುದು, ಚೆಂಡು ಹಿಡಿಯುವವನು ಕೈ ಹಿಂದಕ್ಕೆ ಎಳೆದುಕೊಳ್ಳುವುದು ಈ ದೂರವನ್ನು ಸಂಪಾದಿಸಲಿಕ್ಕೇ. ಮಂಡಿ ಮಡಿಸಲು ಬಾರದ ನೆಲ ಕಾಂಕ್ರೀಟ್. ದಿನವಿಡೀ ಅದರ ಮೇಲೆ ನಿಂತವರ ಹಿಮ್ಮಡಿಯನ್ನು ಕೇಳಿ ನೋಡಿ.

ಹಳೆಯ ಯಂತ್ರಾಗಾರಗಳಿಗೆ ಇದು ಗೊತ್ತಿತ್ತು. ಅಲ್ಲಿ ಮರದ ತುಂಡುಗಳನ್ನು ಅಡ್ಡ ಕೊಯ್ದ ಮುಖ ಮೇಲಾಗುವಂತೆ ನಿಲ್ಲಿಸಿ ನೆಲ ಹಾಸುತ್ತಿದ್ದರು. ಎಳೆಗಳೆಲ್ಲ ಕುಂಚದ ಕೂದಲಿನಂತೆ ನೆಟ್ಟಗೆ ನಿಂತಿರುವುದರಿಂದ ಬಿದ್ದ ಅಲಗು ಅವುಗಳ ನಡುವೆ ನುಸುಳಿಕೊಳ್ಳುತ್ತಿತ್ತು. ವಿಕ್ಟೋರಿಯಾ ಕಾಲದ ಲಂಡನ್ನಿನ ಬೀದಿಗಳಿಗೂ ಇದೇ ಹಾಸು. ಗೊರಸಿನ ಸದ್ದು ತಗ್ಗಲೆಂದು. ಆದರೆ ಮರ ಎಳೆಗೆ ಅಡ್ಡವಾಗಿಯೇ ಹೆಚ್ಚು ಉಬ್ಬುವುದರಿಂದ ನೀರು ಕುಡಿದ ಇಂಥ ಹಾಸು ಬೆನ್ನು ಗೂನಾಗಿ ಮೇಲೇಳುತ್ತದೆ.

ಪುಟ್ಟ ಕೋಣೆಗೆ ಅಷ್ಟು ದೂರ ಹೋಗಬೇಕಿಲ್ಲ. ಇರುವ ಕಾಂಕ್ರೀಟಿನ ಮೇಲೆ 18 ಮಿಲಿಮೀಟರಿನ ಪ್ಲೈವುಡ್ ಹಾಸಿ, ಗೋಡೆಯಂಚಿನಲ್ಲಿ ಬೆರಳಗಲ ಸಂದು ಬಿಟ್ಟರೆ ಸಾಕು. ಅದಕ್ಕೂ ಮೊದಲು ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಬಿಡಿಸಿದಾಗ ಒಳಮೈ ಬೆವರಿದ್ದರೆ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳು ತೇವವನ್ನು ಮೇಲಕ್ಕೆ ಬಿಡುತ್ತಿವೆ ಎಂದರ್ಥ. ಪ್ಲೈವುಡ್ಡಿನ ಕೆಳಗೆ ಪಾಲಿಥೀನ್ ಹಾಳೆ ಬೇಕೇ ಬೇಕು.

ಮರದ ನೆಲ ‘ಬೆಚ್ಚಗಿರುತ್ತದೆ’ ಎಂಬ ಮಾತೂ ಪೂರ್ತಿ ನಿಜವಲ್ಲ. ಒಂದೇ ಕೋಣೆಯಲ್ಲಿ ರಾತ್ರಿ ಕಳೆದ ಮರಕ್ಕೂ ಕಾಂಕ್ರೀಟಿಗೂ ಹೆಚ್ಚುಕಡಿಮೆ ಒಂದೇ ಉಷ್ಣತೆ. ಮರಕ್ಕಿಂತ ಸುಮಾರು ಹತ್ತು ಪಟ್ಟು ಚುರುಕಾಗಿ ಶಾಖ ಸಾಗಿಸುವ ಕಾಂಕ್ರೀಟು ನಮ್ಮ ಅಂಗಾಲನ್ನು ದೋಚುತ್ತದೆ, ಅಷ್ಟೇ.

ಎಪಾಕ್ಸಿ ಬಳಿದ ನೆಲ ನೋಡಲು ಚೆಂದ. ನಯವಾಗಿ ಬಳಿದಿದ್ದರೆ, ಮೇಲೆ ಮರದ ಹೊಟ್ಟು ಬಿದ್ದಾಗ ಜಾರುಬಂಡೆ. ಫೋಮ್ ಚಾಪೆ ಪಾದಕ್ಕೆ ಹಿತ, ಆದರೆ ಕಿಡಿ ಬಿದ್ದಲ್ಲೆಲ್ಲ ತೂತು. ಲೋಹ ಬೆಸೆಯುವ, ಉಜ್ಜುವ ಮೂಲೆಯಲ್ಲಿ ಮಾತ್ರ ನನ್ನ ವೈರಿ ಕಾಂಕ್ರೀಟಿಗೇ ಜಾಗ ಬಿಟ್ಟುಕೊಡುತ್ತೇನೆ. ನೆಲದ ಬಣ್ಣ ತಿಳಿಯಾಗಿರಲಿ, ಕಪ್ಪು ಹಾಸಿನ ಮೇಲೆ ಬಿದ್ದ ಕಪ್ಪು ತಿರುಪುಮೊಳೆಯನ್ನು ಕೈಯಿಂದ ಸವರಿಯೇ ಹುಡುಕಬೇಕಾಗುತ್ತದೆ.