ಮೃದುವಾಗಬೇಕಾದ್ದು ನೆರಳು, ಚರ್ಮವಲ್ಲ

ಮದುವೆ ಸೀಸನ್ ಶುರುವಾಯಿತೆಂದರೆ ತುಮಕೂರಿನ ನಮ್ಮ ಸ್ಟುಡಿಯೋಗೆ ಬರುವವರ ಬಾಯಲ್ಲಿ ಒಂದೇ ಮಾತು: "ಮುಖ ಸ್ವಲ್ಪ ಸಾಫ್ಟ್ ಮಾಡಿಕೊಡಿ ಸರ್." ಕೇಳುವುದರಲ್ಲಿ ತಪ್ಪೇನಿಲ್ಲ. ಬೆಳಗಿನ ಜಾವ ಎದ್ದು, ಹೋಮದ ಹೊಗೆ, ಬೆವರು, ವಿಡಿಯೋ ಲೈಟು ಎಲ್ಲ ತಡೆದುಕೊಂಡ ಮುಖ ಅದು. ಆಲ್ಬಂನಲ್ಲಿ ಚೆನ್ನಾಗಿ ಕಾಣಬೇಕು ಅನ್ನುವ ಆಸೆ ನ್ಯಾಯವಾದದ್ದೇ. ಆದರೆ ಸಾಫ್ಟ್ ಅಂದರೆ ಬ್ಲರ್ ಅಂತ ಎಷ್ಟೋ ಎಡಿಟರ್‌ಗಳು ಅಂದುಕೊಂಡುಬಿಟ್ಟಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿ.

ಫೋಟೋದಲ್ಲಿ ಮುಖ ಒರಟಾಗಿ, ದಣಿದ ಹಾಗೆ ಕಾಣುವುದು ಬೆಳಕು ಥಟ್ಟನೆ ನೆರಳಿಗೆ ತಿರುಗುವ ಜಾಗಗಳಿಂದ. ಕಣ್ಣಿನ ಕೆಳಗಿನ ಗುಳಿ, ಮೂಗಿನ ಪಕ್ಕದಿಂದ ಬಾಯಿಯವರೆಗೆ ಇಳಿಯುವ ಗೆರೆ, ಹಣೆಯ ಮೇಲಿನ ಎಣ್ಣೆ ಹೊಳಪು, ಕೆನ್ನೆಯ ಮೇಲೆ ಅಲ್ಲಲ್ಲಿ ಮಾಸಿದ ಬಣ್ಣ. ಇವನ್ನು ಹದ ಮಾಡಿದರೆ ಸಾಕು, ಚರ್ಮದ ರಂಧ್ರ ಹಾಗೇ ಇದ್ದರೂ ಮುಖ ಮೃದುವಾಗಿಯೇ ಕಾಣುತ್ತದೆ. ರಂಧ್ರವನ್ನೇ ಅಳಿಸಿ ನೆರಳನ್ನು ಹಾಗೇ ಬಿಟ್ಟರೆ ಪ್ಲಾಸ್ಟಿಕ್ ಮುಖ, ಅದರ ಮೇಲೆ ಅದೇ ದಣಿವು.

ಒಂದು ಫೋಟೋ ಹಿಡಿದು ನೋಡೋಣ. ಗುಬ್ಬಿ ಕಡೆಯ ಹಳ್ಳಿ, ಮನೆ ಮುಂದೆ ಅರಿಶಿನ ಶಾಸ್ತ್ರ, ನೆತ್ತಿಯ ಮೇಲೆ ಕೆಂಪು ಹಳದಿ ಪಟ್ಟೆಯ ಶಾಮಿಯಾನ. ನಡುಮಧ್ಯಾಹ್ನ. ಬಟ್ಟೆ ದಾಟಿ ಬಂದ ಬೆಳಕು ಹುಡುಗಿಯ ಹಣೆಯನ್ನು ಕೆಂಪು ಮಾಡಿದೆ. ಬಯಲ ಕಡೆಗಿರುವ ಕೆನ್ನೆಗೆ ಆಕಾಶದ ನೀಲಿ ತಾಗಿದೆ. ಗಲ್ಲದ ಕೆಳಗೆ ಅವಳ ಹಳದಿ ಸೀರೆಯದೇ ಬಣ್ಣ. ಒಂದು ಮುಖದಲ್ಲಿ ಮೂರು ಬಣ್ಣ. ಇದಕ್ಕೆ ಎಷ್ಟು ಬ್ಲರ್ ಹಾಕಿದರೂ ಗಲೀಜು ಹೋಗುವುದಿಲ್ಲ.

ಹಾಗಾಗಿ ಮೊದಲು ಬಣ್ಣ. ಅದೇ ಬೆಳಕಿನಲ್ಲಿ ಯಾರದಾದರೂ ಬಿಳಿ ಪಂಚೆ ಇದ್ದರೆ ಅದರ ಮೇಲೆ ಬಿಳಿ ಯಾವುದು ಅಂತ ಸಾಫ್ಟ್‌ವೇರ್‌ಗೆ ತೋರಿಸುವ ವೈಟ್ ಬ್ಯಾಲೆನ್ಸ್ ಡ್ರಾಪರ್ ಇಟ್ಟು ಶುರು ಮಾಡುತ್ತೇನೆ. ಒಗೆಯುವಾಗ ನೀಲಿ ಹಾಕಿ ಬೆಳ್ಳಗಾದ ಪಂಚೆ ಸ್ವಲ್ಪ ಮೋಸ ಮಾಡುತ್ತದೆ, ಆದ್ದರಿಂದ ಕೊನೆಯ ತೀರ್ಮಾನ ಕಣ್ಣಿನದೇ. ಆಮೇಲೆ ಹಣೆಗೆ ಒಂದು ಮಾಸ್ಕ್ (ಆ ಜಾಗಕ್ಕಷ್ಟೇ ಬದಲಾವಣೆ ತಾಗುವಂತೆ ಮಾಡುವ ಗುರುತು), ಕೆನ್ನೆಗೆ ಒಂದು ಮಾಸ್ಕ್ ಹಾಕಿ, ಟೆಂಪರೇಚರ್ (ನೀಲಿ–ಹಳದಿ) ಮತ್ತು ಟಿಂಟ್ (ಹಸಿರು–ಮಜೆಂಟಾ) ಎರಡನ್ನೂ ತುಸು ತುಸುವೇ ಎಳೆದು ಒಂದಕ್ಕೊಂದು ಹೊಂದಿಸುತ್ತೇನೆ. ಮುಖಕ್ಕೆ ಹಚ್ಚಿದ ಅರಿಶಿನ ತೆಗೆಯಲು ಹೋಗುವುದಿಲ್ಲ, ಆವತ್ತಿನ ಶಾಸ್ತ್ರವೇ ಅದು. ಹಳದಿಯ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಸ್ವಲ್ಪ ಇಳಿಸಿದರೆ ಸಾಕು. ಇಳಿಸದೇ ಬಿಟ್ಟರೆ ಪ್ರಿಂಟ್‌ನಲ್ಲಿ ಅದು ಹಸಿರಿಗೆ ತಿರುಗುವ ಅಪಾಯ ಇದೆ.

ಆಮೇಲೆ ಕಲೆಗಳು. ಚಿತ್ರದ ಮೇಲೆ ಹೊಸ ಲೇಯರ್ (ಪದರ) ತೆಗೆದು, ಪಕ್ಕದ ಚರ್ಮದಿಂದ ಕಲೆ ಮುಚ್ಚುವ ಹೀಲಿಂಗ್ ಬ್ರಷ್. ಇಲ್ಲಿ ರಿಟಚ್ ಮಾಡುವವರ ಹಳೆಯ ನಿಯಮ ಒಂದಿದೆ: ಹದಿನೈದು ದಿನದಲ್ಲಿ ತಾನಾಗಿ ಹೋಗುವಂಥದ್ದನ್ನು ತೆಗಿ, ಉಳಿಯುವಂಥದ್ದನ್ನು ಬಿಡು. ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಕೆದರಿ ಅಂಟಿದ ಕೂದಲು ಹೋಗಲಿ. ಮಚ್ಚೆ, ಚಿಕ್ಕಂದಿನ ಗಾಯದ ಗುರುತು, ಕೆನ್ನೆಯ ಗುಳಿ ಇರಲಿ. ಮಧುಗಿರಿ, ಶಿರಾ, ಪಾವಗಡದ ಕಡೆಯ ಅಜ್ಜಿಯರ ಹಣೆ, ಮುಂಗೈ ಮೇಲೆ ಹಸಿರು ಹಚ್ಚೆ ಇರುತ್ತದೆ. ಆಟೋ ಬ್ಯೂಟಿ ಫಿಲ್ಟರ್‌ಗೆ ಅದೂ ಒಂದು ಕಲೆಯೇ, ಒರೆಸಿ ಹಾಕಿಬಿಡುತ್ತದೆ. ಮೊಮ್ಮಕ್ಕಳು ಆ ಫೋಟೋ ನೋಡಿ "ಇದು ನಮ್ಮಜ್ಜಿ ಅಲ್ಲ" ಅಂದರೆ ಅವರದೇನು ತಪ್ಪು? ಅಜ್ಜಿಯ ಸುಕ್ಕನ್ನೂ ನಾನು ಅಳಿಸುವುದಿಲ್ಲ. ಸುಕ್ಕಿನ ಒಳಗಿನ ಕಪ್ಪನ್ನು ಸ್ವಲ್ಪ ತಿಳಿ ಮಾಡುತ್ತೇನೆ, ಅಷ್ಟೇ.

ಆ ತಿಳಿ ಮಾಡುವ ಕೆಲಸದ ಹೆಸರು ಡಾಡ್ಜ್ ಅಂಡ್ ಬರ್ನ್: ಡಾಡ್ಜ್ ಅಂದರೆ ಬೆಳಗಿಸುವುದು, ಬರ್ನ್ ಅಂದರೆ ಮಂಕು ಮಾಡುವುದು. ನಿಜವಾದ ಮೃದುತನ ಹುಟ್ಟುವುದು ಇಲ್ಲೇ, ಸಮಯ ಹೋಗುವುದೂ ಇಲ್ಲೇ. ಫೋಟೋಶಾಪ್‌ನಲ್ಲಿ ಹೊಸ ಲೇಯರ್‌ಗೆ ಶೇಕಡಾ 50 ಬೂದು ಬಣ್ಣ ತುಂಬಿ, ಬ್ಲೆಂಡ್ ಮೋಡ್ (ಪದರ ಕೆಳಗಿನದರ ಜೊತೆ ಬೆರೆಯುವ ರೀತಿ) ಸಾಫ್ಟ್ ಲೈಟ್‌ಗೆ ಇಡಿ. ಆಗ ಬೂದು ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಬಿಳಿ ಬ್ರಷ್ ಆಡಿಸಿದರೆ ಆ ಜಾಗ ಬೆಳಗುತ್ತದೆ, ಕಪ್ಪು ಆಡಿಸಿದರೆ ಮಂಕಾಗುತ್ತದೆ. ಬ್ರಷ್ ಮೆತ್ತಗಿರಲಿ, ಫ್ಲೋ, ಅಂದರೆ ಬ್ರಷ್‌ನಿಂದ ಹರಿಯುವ ಬಣ್ಣ, ಶೇಕಡಾ 2 ಅಥವಾ 3 ಮೀರದಿರಲಿ. ಒಂದು ಸಲ ಆಡಿಸಿದರೆ ಏನೂ ಆಗಿಲ್ಲ ಅನ್ನಿಸಬೇಕು, ಐದಾರು ಸಲ ಆಡಿಸಿದ ಮೇಲೆ ಗೊತ್ತಾಗಬೇಕು. ಆ ಹುಡುಗಿಯ ಫೋಟೋದಲ್ಲಿ ಕಣ್ಣಿನ ಕೆಳಗಿನ ಗುಳಿಯ ಅಂಚನ್ನಷ್ಟೇ ಎತ್ತಬೇಕು. ಗುಳಿಯನ್ನೇ ತುಂಬಿಸಿದರೆ ಕಣ್ಣು ಊದಿದ ಹಾಗೆ ಕಾಣುತ್ತದೆ. ಹಣೆಯ ಹೊಳಪನ್ನು ಇಳಿಸುವಾಗಲೂ ಅಷ್ಟೇ, ಚೂರು ಹೊಳಪು ಉಳಿಯಲೇಬೇಕು. ಪೂರ್ತಿ ತೆಗೆದರೆ ಹಣೆ ಚಪ್ಪಟೆ.

ಇದೇನು ಹೊಸ ವಿದ್ಯೆ ಅಲ್ಲ. ನೆಗೆಟಿವ್ ಕಾಲದ ಸ್ಟುಡಿಯೋದವರು ಚೂಪು ಪೆನ್ಸಿಲ್ ಹಿಡಿದು, ನೆಗೆಟಿವ್ ಮೇಲೆ ಕೂದಲೆಳೆಯಷ್ಟು ಸೀಸ ತಾಗಿಸಿ ಸುಕ್ಕಿನ ಕಪ್ಪನ್ನು ಕಡಿಮೆ ಮಾಡುತ್ತಿದ್ದರು. ಡಾರ್ಕ್ ರೂಮಿನಲ್ಲಿ, ನೆಗೆಟಿವ್ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಬೆಳಕಿಗೆ ಕೈ ಅಡ್ಡ ಹಿಡಿಯುವುದೇ ಡಾಡ್ಜ್. ಕೈ ಈಗ ಮೌಸ್ ಮೇಲಿದೆ, ಲೆಕ್ಕಾಚಾರ ಅದೇ.

ಫ್ರೀಕ್ವೆನ್ಸಿ ಸೆಪರೇಶನ್ ಬಗ್ಗೆ ಹುಡುಗರು ಜಾಸ್ತಿ ಕೇಳುತ್ತಾರೆ. ಚಿತ್ರವನ್ನು ಎರಡು ಪದರ ಮಾಡುವುದು ಅದರ ತಂತ್ರ. ಕೆಳಗಿನ ಲೇಯರ್‌ಗೆ ಗಾಸಿಯನ್ ಬ್ಲರ್ ಹಾಕಿದರೆ ಬಣ್ಣ, ನೆರಳು ಮಾತ್ರ ಉಳಿಯುತ್ತದೆ. ಮೇಲಿನದಕ್ಕೆ ಅಪ್ಲೈ ಇಮೇಜ್ ಆಜ್ಞೆಯಲ್ಲಿ ಕೆಳಗಿನ ಲೇಯರ್ ಆರಿಸಿ, ಸಬ್‌ಟ್ರ್ಯಾಕ್ಟ್, ಸ್ಕೇಲ್ 2, ಆಫ್‌ಸೆಟ್ 128 ಕೊಟ್ಟು, ಮೋಡ್ ಲೀನಿಯರ್ ಲೈಟ್ ಮಾಡಿದರೆ ಅದರಲ್ಲಿ ಬರೀ ರಂಧ್ರ, ಕೂದಲು, ಸುಕ್ಕು. ಈ ಅಂಕಿಗಳು 8 ಬಿಟ್ ಫೈಲಿಗೆ. ಆಮೇಲೆ ಕೆಳಗಿನ ಪದರದಲ್ಲಿ ಮಾಸಿದ ಜಾಗ ಮಾತ್ರ ಲ್ಯಾಸೋದಿಂದ (ಸುತ್ತ ಗೆರೆ ಎಳೆದು ಆರಿಸುವ ಸಾಧನ) ಹಿಡಿದು ಹದ ಮಾಡಬೇಕು. ಒಳ್ಳೆಯ ಸಾಧನವೇ. ಆದರೆ ಸುಲಭವಾಗಿ ಕೈ ಮೀರುತ್ತದೆ. ಕೆನ್ನೆಯಿಂದ ಮೂಗಿನವರೆಗೆ ಒಂದೇ ಸಲ ಹಿಡಿದು ಬ್ಲರ್ ಮಾಡಿದರೆ ಮುಖದ ಆಕಾರವೇ ಕರಗಿಹೋಗುತ್ತದೆ.

ಲೈಟ್‌ರೂಮ್ ಬಳಸುವವರಿಗೆ 2019ರಲ್ಲಿ ಬಂದ, ಚರ್ಮದ ನವಿರಾದ ವಿವರ ಏರಿಳಿಸುವ ಟೆಕ್ಸ್ಚರ್ ಸ್ಲೈಡರ್ ಸಾಕು. ಚರ್ಮಕ್ಕೆ ಮಾತ್ರ ಮಾಸ್ಕ್ ಹಾಕಿ ಮೈನಸ್ 10ರಿಂದ 20. ಬೆಳಕು–ನೆರಳಿನ ವ್ಯತ್ಯಾಸ ಏರಿಳಿಸುವ ಕ್ಲಾರಿಟಿಯನ್ನು ಮೈನಸ್ ಮಾಡುವಾಗ ಇನ್ನೂ ಹುಷಾರು, ಅದು ಇಡೀ ಮುಖವನ್ನು ಮಂಜಿಗೆ ತಳ್ಳುತ್ತದೆ. ಕಣ್ಣು, ರೆಪ್ಪೆ, ತುಟಿ, ಮೂಗುತಿ, ಕುಂಕುಮ ಯಾವತ್ತೂ ಚೂಪಾಗಿಯೇ ಇರಬೇಕು. ಇವು ಚೂಪಾಗಿದ್ದಾಗಲೇ ಚರ್ಮ ಮೆತ್ತಗೆ ಅನ್ನಿಸುವುದು.

ಕನಸಿನಂಥ ಹೊಳಪು ಬೇಕು ಅನ್ನುವವರಿಗೆ ಆರ್ಟನ್ ಎಫೆಕ್ಟ್ ಇದೆ. ಕೆನಡಾದ ಮೈಕಲ್ ಆರ್ಟನ್ 1980ರ ದಶಕದಲ್ಲಿ ಒಂದು ಚೂಪು ಸ್ಲೈಡು (ಪಾರದರ್ಶಕ ಫಿಲ್ಮ್ ಚಿತ್ರ), ಒಂದು ಫೋಕಸ್ ತಪ್ಪಿಸಿದ ಸ್ಲೈಡು ಎರಡನ್ನೂ ಒಂದರ ಮೇಲೊಂದಿಟ್ಟು ಇದನ್ನು ಮಾಡಿದರು. ಈಗ ಲೇಯರ್ ಕಾಪಿ ಮಾಡಿ, ದೊಡ್ಡ ಬ್ಲರ್ ಹಾಕಿ, ಸಾಫ್ಟ್ ಲೈಟ್ ಅಥವಾ ಸ್ಕ್ರೀನ್ ಮೋಡ್‌ನಲ್ಲಿ ಒಪಾಸಿಟಿ (ಪದರ ಎಷ್ಟು ಕಾಣಬೇಕು ಅನ್ನುವುದು) ಶೇಕಡಾ 15–20ಕ್ಕೆ ಇಳಿಸಿದರೆ ಆಯಿತು. ದೇವರಾಯನದುರ್ಗದಲ್ಲಿ ಸಂಜೆ ಬಿಸಿಲಿಗೆ ಬೆನ್ನು ಮಾಡಿ ತೆಗೆದ ಜೋಡಿ ಫೋಟೋಗಳಿಗೆ ಇದು ತುಂಬಾ ಒಪ್ಪುತ್ತದೆ.

ಇನ್ನು ಬೆಳ್ಳಗೆ ಮಾಡುವ ವಿಷಯ. ಇದನ್ನು ನಾನು ಮಾಡುವುದಿಲ್ಲ. ಯಾಕೆ ಅಂತ ಗಿರಾಕಿಗಳಿಗೆ ಕೂರಿಸಿಕೊಂಡು ಹೇಳುತ್ತೇನೆ. ವಿಡಿಯೋ ಎಡಿಟಿಂಗ್‌ನಲ್ಲಿ ಬಣ್ಣಗಳನ್ನು ದುಂಡು ನಕ್ಷೆಯಲ್ಲಿ ತೋರಿಸುವ ವೆಕ್ಟರ್‌ಸ್ಕೋಪ್‌ನಲ್ಲಿ ಚರ್ಮಕ್ಕೆ ಅಂತಲೇ ಒಂದು ಗೆರೆ ಇದೆ. ಕಪ್ಪಗಿರಲಿ, ಬೆಳ್ಳಗಿರಲಿ, ಸರಿಯಾದ ಬೆಳಕಿನಲ್ಲಿ ಎಲ್ಲರ ಚರ್ಮವೂ ಆ ಒಂದೇ ಗೆರೆಯ ಹತ್ತಿರ ಬೀಳುತ್ತದೆ. ವ್ಯತ್ಯಾಸ ಇರುವುದು ಬೆಳಕಿನ ಪ್ರಮಾಣದಲ್ಲಿ, ಬಣ್ಣದ ಸಾಂದ್ರತೆಯಲ್ಲಿ. ಕಿತ್ತಳೆ ಬಣ್ಣದ ಲ್ಯೂಮಿನೆನ್ಸ್ (ಹೊಳಪು) ಎಳೆದು ಮುಖ ಬೆಳ್ಳಗೆ ಮಾಡಿದರೆ ಆ ಸಾಂದ್ರತೆ ಕರಗಿ ವಿಭೂತಿ ಬಳಿದ ಹಾಗಾಗುತ್ತದೆ. ಕತ್ತು, ಕೈ ಬೇರೆ ಬಣ್ಣ, ಮುಖ ಬೇರೆ ಬಣ್ಣ. ನಮ್ಮ ಕಡೆಯ ಎಣ್ಣೆಗಪ್ಪು, ಗೋಧಿ ಬಣ್ಣಕ್ಕೆ ಎಂಥ ಕಾಂತಿ ಇದೆ! ಮುಖ, ಕತ್ತು, ಕೈ ಸೇರಿಸಿ ಮಾಸ್ಕ್ ಮಾಡಿ ಎಕ್ಸ್‌ಪೋಷರ್ ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಏರಿಸಿ, ಕೆಂಪು–ಕಿತ್ತಳೆಯ ಸ್ಯಾಚುರೇಶನ್ ಕೈಬಿಡದೆ ಹಿಡಿದುಕೊಂಡರೆ ಆ ಕಾಂತಿ ಎದ್ದು ಬರುತ್ತದೆ. ಎರಡು ಪ್ರಿಂಟ್ ಪಕ್ಕಪಕ್ಕ ಇಟ್ಟು ತೋರಿಸಿದರೆ ಹುಡುಗಿಯ ತಾಯಿ ಸಾಮಾನ್ಯವಾಗಿ ಬೆಳ್ಳಗೆ ಮಾಡದ್ದನ್ನೇ ಆರಿಸುತ್ತಾರೆ.

ಫೋಟೋ ತೆಗೆಯುವಾಗಲೇ ಅರ್ಧ ಕೆಲಸ ಮುಗಿಸಬಹುದು. ಹೆಂಚಿನ ಮನೆಯ ಬಾಗಿಲಿನಿಂದ ಒಂದೆರಡು ಹೆಜ್ಜೆ ಒಳಗೆ, ಮುಖ ಹೊರಗೆ ಮಾಡಿ ನಿಲ್ಲಿಸಿ. ನೇರ ಬಿಸಿಲು ಬೀಳುತ್ತಿದ್ದರೆ ಬಾಗಿಲಿಗೆ ಬಿಳಿ ಪಂಚೆ ಕಟ್ಟಿ. ಮೊಬೈಲ್ ಆದರೆ ಹತ್ತಿರ ಹೋಗಬೇಡಿ, ಮೂಗು ದಪ್ಪಗಾಗುತ್ತದೆ. ಐದಾರು ಅಡಿ ದೂರ ನಿಂತು 2ಎಕ್ಸ್ ಝೂಮ್ ಇಡಿ. ಮೊಬೈಲ್‌ನ ಬ್ಯೂಟಿ ಮೋಡ್ ಸೊನ್ನೆಗೆ ಇಟ್ಟು ತೆಗೆಯಿರಿ. ಒಮ್ಮೆ ಅದು ಒರೆಸಿ ಹಾಕಿದ ಚರ್ಮವನ್ನು ವಾಪಸ್ ತರಲು ನಮ್ಮಿಂದ ಆಗುವುದಿಲ್ಲ.

ಎಡಿಟ್ ಶುರು ಮಾಡುವ ಮೊದಲೇ ಮಾನಿಟರ್ ಬ್ರೈಟ್‌ನೆಸ್ ನೋಡಿಕೊಳ್ಳಿ. ಪೂರ್ತಿ ಏರಿಸಿಕೊಂಡು ಕೆಲಸ ಮಾಡಿದವರ ಆಲ್ಬಂ ಕಪ್ಪಗೆ ಬರುತ್ತದೆ, ಆಗ ಲ್ಯಾಬ್‌ನವರನ್ನು ಬೈದು ಪ್ರಯೋಜನ ಇಲ್ಲ. ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ (ಪರದೆಯ ಹೊಳಪಿನ ಅಳತೆ) ಸಾಕು. ಲ್ಯಾಬ್‌ನವರು ಬೇರೆ ಹೇಳದಿದ್ದರೆ ಫೈಲ್ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾದರಿಯಲ್ಲಿ ಕಳಿಸಿ. ಕಾಗದ ಆರಿಸುವಾಗ, ಹತ್ತಿರದ ಮುಖ ಇರುವ ಪುಟಗಳಿಗೆ ಮ್ಯಾಟ್ (ಹೊಳಪಿಲ್ಲದ ಕಾಗದ) ಕೇಳಿ. ಅದರ ಮೇಲ್ಮೈ ತಾನೇ ಬೆಳಕನ್ನು ಹರಡುತ್ತದೆ, ಎಡಿಟಿಂಗ್‌ನಲ್ಲಿ ಇನ್ನೊಂಚೂರು ಕಡಿಮೆ ಕೈ ಹಾಕಿದರೂ ನಡೆಯುತ್ತದೆ.